ಭಿಶಿ ಮಂದಿ ಹರಾಜಿಗೆ ನಿಂತರು: ಬೆಟಗೇರಿಯ ಒಂದು ಮನೆಯ ಪ್ರಕರಣ

ಬೆಟಗೇರಿಯ ಆ ಓಣಿಯಲ್ಲಿ ಎದುರಿಗೆ ಟಂಟಂ ಬಂದರೆ ಬೈಕಿನವರು ಯಾರದಾದರೂ ಕಟ್ಟೆಗೆ ಒರಗಿ ನಿಲ್ಲಬೇಕು. 2025ರ ಫೆಬ್ರುವರಿಯಲ್ಲಿ ಒಂದು ಮಧ್ಯಾಹ್ನ ಇಬ್ಬರು ಕಾರನ್ನು ದೊಡ್ಡ ರಸ್ತೆಯಲ್ಲೇ ಬಿಟ್ಟು ನಡೆದು ಬಂದರು. ಒಂದು ಮನೆಯ ಬಾಗಿಲಿಗೆ ಕಾಗದ ಅಂಟಿಸಿದರು. ಅದರ ಪಕ್ಕ ನಿಂತು ಫೋಟೊ ತೆಗೆದುಕೊಂಡು ಹೋದರು. ಒಳಗೆ ಮಗ್ಗ ನಡೆಯುತ್ತಿತ್ತು, ಬಾಗಿಲು ಬಡಿದದ್ದು ಯಾರಿಗೂ ಕೇಳಲಿಲ್ಲ. ಸಂಜೆ ಹಾಲಿನ ಹುಡುಗ ಓದಿ ಹೇಳಿದ ಮೇಲೆ ಓಣಿಗೆಲ್ಲ ಗೊತ್ತಾಯಿತು. ಮನೆ ಹರಾಜಿಗೆ ಬಂದಿದೆ. ಕನಿಷ್ಠ ಬೆಲೆ 18,90,000 ರೂಪಾಯಿ. ಇರುವುದು 15 ದಿನ.

ನಾನು ಗದಗಿನಲ್ಲಿ ಬಟ್ಟೆ ವ್ಯಾಪಾರಿಗಳ ಲೆಕ್ಕ ಬರೆಯುವವನು, ಜಿಎಸ್‌ಟಿ ರಿಟರ್ನ್ ತುಂಬುವವನು. ಆ ಓಣಿಯ ಭಿಶಿಯಲ್ಲಿ ಐದು ವರ್ಷದಿಂದ ಇದ್ದೇನೆ. ಭಿಶಿ ಅಂದರೆ ನಮ್ಮ ಕಡೆ ಚೀಟಿ ವ್ಯವಹಾರ. ಇಪ್ಪತ್ತು ಮಂದಿ, ತಿಂಗಳಿಗೆ ಐದೈದು ಸಾವಿರ, ಸ್ಟೀಲ್ ಲೋಟದಲ್ಲಿ ಮಡಚಿದ ಚೀಟಿಗಳು. ಹೆಸರು ಬಂದವರು ಒಂದು ಲಕ್ಷ ಎತ್ತುತ್ತಾರೆ. ಆ ಮನೆಯ ಅವ್ವ ಇಪ್ಪತ್ತರಲ್ಲಿ ಒಬ್ಬರು. ಮೂರು ವರ್ಷ ಒಂದು ಕಂತೂ ತಪ್ಪಿಸಿದವರಲ್ಲ. ಬ್ಯಾಂಕಿನ ಕಂತು ನಿಂತು ಎರಡು ವರ್ಷವಾಗಿದ್ದರೂ ಭಿಶಿಯ ಕಂತು ನಿಲ್ಲಿಸಿರಲಿಲ್ಲ. ಇದನ್ನು ತಪ್ಪು ಅಂತ ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಬ್ಯಾಂಕಿನವರ ಮುಖ ದಿನಾ ನೋಡಬೇಕಿಲ್ಲ, ಓಣಿಯವರದ್ದು ನೋಡಬೇಕು, ಅಲ್ವಾ?

ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಲೆಕ್ಕ ಬರೀರಿ ಅಂದರು.

ಟ್ರಂಕಿನಲ್ಲಿದ್ದ ಐದು ಲಕೋಟೆ

ಸಾಲ ತೆಗೆದದ್ದು 2017ರಲ್ಲಿ. ಎರಡು ಪವರ್‌ಲೂಮ್‌ಗೆ ಅಂತ 12 ಲಕ್ಷ, ನೂಲು ತರಲಿಕ್ಕೆ ಅಂತ 3 ಲಕ್ಷ. ಸಾಲ ಅಪ್ಪ ಮತ್ತು ಮಗನ ಹೆಸರಲ್ಲಿ, ಅಡವು ಮನೆ. 2020ರ ಲಾಕ್‌ಡೌನ್‌ನಲ್ಲಿ ಸೀರೆ ಎತ್ತುವವರು ನಿಂತರು. ಆ ವರ್ಷ ಮಾರ್ಚ್‌ನಿಂದ ಆಗಸ್ಟ್‌ವರೆಗೆ ರಿಸರ್ವ್ ಬ್ಯಾಂಕ್ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. ಆಮೇಲೆ ಹೇಗೋ ಎರಡು ವರ್ಷ ಎಳೆದರು. 2022ರ ಕೊನೆಗೆ ಯಜಮಾನರಿಗೆ ಹೃದಯದ ಆಪರೇಷನ್ ಆಯಿತು. ಅಲ್ಲಿಗೆ ಕೈ ಸೋತಿತು.

ಮುಂದಿನದು ಕಾನೂನು ಹಾಕಿಕೊಟ್ಟ ದಾರಿ. 2002ರ ಸರ್ಫೇಸಿ ಕಾಯ್ದೆ ಬ್ಯಾಂಕಿಗೆ ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿ ಮಾರುವ ಅಧಿಕಾರ ಕೊಡುತ್ತದೆ. 90 ದಿನ ಕಂತು ಬರದಿದ್ದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಆಮೇಲೆ 60 ದಿನದ ನೋಟಿಸು. ಆ ನೋಟಿಸಿಗೆ ಸಾಲಗಾರ ತಕರಾರು ಬರೆದು ಕೊಟ್ಟರೆ ಬ್ಯಾಂಕು 15 ದಿನದೊಳಗೆ ಉತ್ತರ ಕೊಡಬೇಕು. 60 ದಿನ ಕಳೆದರೆ ಸ್ವಾಧೀನದ ನೋಟಿಸು: ಬಾಗಿಲಿಗೆ ಒಂದು, ಪತ್ರಿಕೆಗಳಲ್ಲಿ ಎರಡು. ಅದಾದ ಮೇಲೆ ಹರಾಜು. ಸಹಕಾರಿ ಬ್ಯಾಂಕುಗಳಿಗೂ ಈ ಕಾಯ್ದೆ ಅನ್ವಯಿಸುತ್ತದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. "ನಮ್ಮದು ಸೊಸೈಟಿ ಬ್ಯಾಂಕ್ ರೀ, ಹಂಗೇನ್ ಮಾಡೂದಿಲ್ಲ" ಅಂತ ಕೂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನೋಟಿಸು ಅಂಟಿಸಿದ ಮರುದಿನ ಅವ್ವ ಟ್ರಂಕು ತೆಗೆದು ಐದು ಲಕೋಟೆ ನನ್ನ ಮುಂದಿಟ್ಟರು. ನಾಲ್ಕನ್ನು ಒಡೆದೇ ಇರಲಿಲ್ಲ. ಎಲ್ಲ ರಿಜಿಸ್ಟರ್ ಪೋಸ್ಟು, ಎಲ್ಲ ಇಂಗ್ಲಿಷು. ಯಜಮಾನರಿಗೆ ತೋರಿಸಿದರೆ ಎದೆ ಒಡೆದೀತು ಅಂತ ಇಳಕಲ್ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದರು. ಮಗನಿಗೆ ಗೊತ್ತಿತ್ತು, ಅವನೂ ಸುಮ್ನೆ ಇದ್ದ.

ನಾಲ್ಕನೆಯದನ್ನು ಒಡೆದು ಓದಿ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅದು ಬೆದರಿಕೆಯ ಪತ್ರ ಅಲ್ಲ. 2024ರ ಏಪ್ರಿಲ್‌ನಲ್ಲಿ ಬ್ಯಾಂಕೇ ಬರೆದ ರಾಜಿ ಪತ್ರ. ಮೂರು ತಿಂಗಳಲ್ಲಿ 14,50,000 ಕಟ್ಟಿದರೆ ಸಾಲ ಪೂರ್ತಿ ಮುಗೀತು ಅಂತ. ಆ ಜುಲೈಗೇ ಅವಧಿ ಮುಗಿದಿತ್ತು. ಆ ಡಿಸೆಂಬರ್‌ನಲ್ಲಿ ಒಂದು ಹರಾಜು ಕೂಡ ಆಗಿ ಹೋಗಿತ್ತು. 21 ಲಕ್ಷಕ್ಕೆ ಯಾರೂ ಕೂಗಿರಲಿಲ್ಲ. ಅದರ ಪ್ರಕಟಣೆ ಓಣಿಯವರು ಯಾರೂ ತರಿಸದ ಪತ್ರಿಕೆಯಲ್ಲಿ ಬಂದಿತ್ತು. ಬಾಗಿಲಿಗೆ ಅಂಟಿಸಿದ್ದನ್ನು ಮಗ ನಸುಕಿನಲ್ಲೇ ಕಿತ್ತು ಒಗೆದಿದ್ದ. ಈ ಸಲ ನೋಡಿದ್ದು ಹಾಲಿನ ಹುಡುಗ, ಹಾಗಾಗಿ ಉಳಿಯಿತು.

ಸಾಲ ಪೂರ್ತಿ ಕಟ್ಟಿದರೂ ತಗೊಳ್ಳಲಿಲ್ಲ

ಭಿಶಿಯವರ ಮೊದಲ ಮಾತು ಹರಾಜಿನದ್ದಲ್ಲ. "ಬಾಕಿ ಎಷ್ಟದ ಅಷ್ಟೂ ಕಟ್ಟೂಣು, ಹರಾಜು ನಿಲ್ಲಸ್ರಿ" ಅಂತ ಕೇಳಲಿಕ್ಕೆ ಬ್ಯಾಂಕಿಗೆ ಹೋದೆವು. ಆಗುವುದಿಲ್ಲ ಅಂದರು. ನನಗೆ ಸಿಟ್ಟು ಬಂತು, ಆದರೆ ಅವರು ಹೇಳಿದ್ದು ಸುಳ್ಳಲ್ಲ. ಮೊದಲು ಆಸ್ತಿ ಮಾರಾಟ ಆಗುವ ಕೊನೆಯ ಗಳಿಗೆಯವರೆಗೂ ಸಾಲ ತೀರಿಸಿ ಬಿಡಿಸಿಕೊಳ್ಳುವ ಹಕ್ಕಿತ್ತು. 2016ರ ತಿದ್ದುಪಡಿ ಆ ಹಕ್ಕನ್ನು ಹರಾಜಿನ ಪ್ರಕಟಣೆ ಹೊರಡುವ ದಿನಕ್ಕೆ ಕತ್ತರಿಸಿತು. 2023ರಲ್ಲಿ ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿ ಮಾಡಿತು. ಪ್ರಕಟಣೆ ಹೊರಟ ಮೇಲೆ ಮನೆಯವರು ದುಡ್ಡು ಹಿಡಿದು ನಿಂತರೂ ಅದು ಅವರ ಹಕ್ಕಲ್ಲ.

ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗೋಣ ಅಂದರು ಒಬ್ಬರು. ಇಂಥ ತಕರಾರನ್ನು ಸಾಮಾನ್ಯವಾಗಿ ಹೈಕೋರ್ಟು ಸಾಲ ವಸೂಲಾತಿ ನ್ಯಾಯಮಂಡಳಿಗೇ ಕಳಿಸುತ್ತದೆ. ಅದು ಇರುವುದು ಬೆಂಗಳೂರಿನಲ್ಲಿ. ಅಲ್ಲಿಗೆ ಹೋಗಲಿಕ್ಕೂ 45 ದಿನದ ಗಡುವು ಇದೆ. ಅಲ್ಲಿ ಹೇಳುವಂಥ ಬ್ಯಾಂಕಿನ ತಪ್ಪು ನಮ್ಮ ಬಳಿ ಏನೂ ಇರಲಿಲ್ಲ. ಆ ಮಾತು ಅಲ್ಲಿಗೇ ಬಿಟ್ಟೆವು.

ನಿವೃತ್ತ ಮಾಸ್ತರರೊಬ್ಬರು ಕಣಗಿನಹಾಳದ ಕಥೆ ತೆಗೆದರು. ಗದಗಿನ ಪಕ್ಕದ ಆ ಊರಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದವರು. "ಅವರು ಸಂಘ ಮಾಡಿದ್ರು, ನಾವೂ ಒಂದು ಮಾಡೂಣು, ಸಂಘದ ಹೆಸರಿಲೇ ಮನಿ ಹಿಡಿಯೂಣು." ಕೇಳಲಿಕ್ಕೆ ಚಂದ. ಆದರೆ ಸಂಘ ನೋಂದಣಿ ಆಗುವಷ್ಟರಲ್ಲಿ ಆ ಮನೆ ಯಾರದೋ ಆಗಿರುತ್ತಿತ್ತು. ನಮ್ಮ ಬಳಿ ಇದ್ದದ್ದು ಇನ್ನು 12 ದಿನ. ಹರಾಜಿನಲ್ಲಿ ನಾವೇ ಕೂಗಿ ಹಿಡಿಯುವುದೊಂದೇ ದಾರಿ.

ಯಾರ ಹೆಸರಲ್ಲಿ?

ದುಡ್ಡು ಕೂಡಿಸುವುದಕ್ಕಿಂತ ಈ ಪ್ರಶ್ನೆ ನಮ್ಮನ್ನು ಜಾಸ್ತಿ ಅಲ್ಲಾಡಿಸಿತು. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಬೇರೆಲ್ಲ ಬಿಟ್ಟು ಇದನ್ನೊಂದು ಹೇಳಬೇಕು ಅಂತಲೇ ನಾನು ಬರೆಯಲು ಕೂತದ್ದು.

ಭಿಶಿಯಲ್ಲಿ ಹಿರಿಯರಾದ ಒಬ್ಬ ಜವಳಿ ವ್ಯಾಪಾರಿ ಇದ್ದಾರೆ. ಎಲ್ಲರೂ ಕಾಕಾ ಅನ್ನುತ್ತಾರೆ. ಅವರು ಮೊದಲ ದಿನವೇ ಹೇಳಿದರು: "ನನ್ನ ಹೆಸರಿಲೆ ಹಿಡೀತೀನಿ. ನೀವೆಲ್ಲ ಕೈಲಾದಷ್ಟು ಕೂಡಸ್ರಿ. ಅವರು ಅಲ್ಲೇ ಇರಲಿ. ರೊಕ್ಕ ಮುಟ್ಟಿದ ದಿನ ಬರಕೊಡ್ತೀನಿ." ಎಲ್ಲರಿಗೂ ಕಣ್ಣಲ್ಲಿ ನೀರು ಬಂತು. ನಾನೊಬ್ಬ ಬೇಡ ಅಂದೆ.

ಮೊದಲನೆಯದು ಖರ್ಚು. ನಗರಸಭೆ ವ್ಯಾಪ್ತಿಯಲ್ಲಿ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ಸರ್ಚಾರ್ಜು ಸೇರಿ ನೂರಕ್ಕೆ 5.6. ನೋಂದಣಿ ಶುಲ್ಕ ಆಗ ನೂರಕ್ಕೆ 1. 2025ರ ಆಗಸ್ಟ್ 31ರಿಂದ ಅದು 2 ಆಗಿದೆ. ಕಾಕಾ ಹೆಸರಿಗೆ ಒಮ್ಮೆ, ಮನೆಯವರ ಹೆಸರಿಗೆ ಮತ್ತೊಮ್ಮೆ ಅಂದರೆ ಈ ಖರ್ಚು ಎರಡು ಸಲ. ಇಪ್ಪತ್ತು ಲಕ್ಷದ ಮನೆಗೆ ಒಂದು ಸಲಕ್ಕೇ ಸವಾ ಲಕ್ಷದ ಮೇಲೆ ಹೋಗುತ್ತದೆ.

ಎರಡನೆಯದು ಬೇನಾಮಿ. ದುಡ್ಡು ಒಬ್ಬರದು, ಹೆಸರು ಇನ್ನೊಬ್ಬರದು, ಆಸ್ತಿ ಇರುವುದು ದುಡ್ಡು ಕೊಟ್ಟವರ ಹಿತಕ್ಕೆ ಅಂತಾದರೆ ಅದು ಬೇನಾಮಿ ವ್ಯವಹಾರ. 1988ರ ಕಾಯ್ದೆಗೆ 2016ರ ನವೆಂಬರ್ 1ರಿಂದ ಹಲ್ಲು ಬಂದಿವೆ. ಆಸ್ತಿ ಮುಟ್ಟುಗೋಲು, ಒಂದರಿಂದ ಏಳು ವರ್ಷ ಜೈಲು, ಆಸ್ತಿಯ ಮಾರುಕಟ್ಟೆ ಬೆಲೆಯ ನೂರಕ್ಕೆ 25ರವರೆಗೆ ದಂಡ. ಹನ್ನೊಂದು ಮಂದಿ ದುಡ್ಡು ಹಾಕಿ, ನಮ್ಮದೂ ಇದರಲ್ಲಿ ಪಾಲಿದೆ ಅಂತ ಬಾಯಲ್ಲಿ ಮಾತಾಡಿಕೊಂಡು, ಒಬ್ಬರ ಹೆಸರಲ್ಲಿ ಮನೆ ಇಟ್ಟರೆ ಅದನ್ನು ಸಹಾಯ ಅಂತ ಯಾರ ಮುಂದೆ ಹೋಗಿ ಹೇಳುವುದು?

ಮೂರನೆಯದನ್ನು ಹೇಳಲಿಕ್ಕೆ ನನಗೆ ನಾಲಿಗೆ ಏಳಲಿಲ್ಲ, ಆದರೂ ಹೇಳಿದೆ. ಕಾಕಾಗೆ ವಯಸ್ಸು 71. ಅವರ ಮಾತು ಅವರದು, ಅವರ ಮಕ್ಕಳ ಮಾತು ಮಕ್ಕಳದ್ದು. ಹಳೇ ಹುಬ್ಬಳ್ಳಿಯಲ್ಲಿ ನನಗೆ ಗೊತ್ತಿದ್ದ ಒಂದು ಮನೆ ಹೀಗೇ ಹೋಯಿತು. ಗೆಳೆಯ ಹರಾಜಿನಲ್ಲಿ ಹಿಡಿದ, ಎರಡು ವರ್ಷದಲ್ಲಿ ತೀರಿಕೊಂಡ. ಅವನ ಮಕ್ಕಳು ಬಂದು ಬಾಡಿಗೆ ಕೇಳಿದರು. ಅವರೇನು ಕೆಟ್ಟವರಲ್ಲ. ಅಪ್ಪ ಕೊಟ್ಟ ಮಾತು ಅವರಿಗೆ ಗೊತ್ತೇ ಇರಲಿಲ್ಲ.

ಕಾಕಾ ಎದ್ದು ಚಪ್ಪಲಿ ಮೆಟ್ಟಿಕೊಂಡರು. "ನನ್ನ ಮ್ಯಾಲ ನಂಬಿಕಿ ಇಲ್ಲ ಅನ್ರಿ, ಮುಗೀತು" ಅಂತ ಹೊರಟೇ ಹೋದರು.

ಕೊನೆಗೆ ಸಿಕ್ಕ ದಾರಿ ಮನೆಯ ಮಗಳು. ಹುಬ್ಬಳ್ಳಿಯಲ್ಲಿ ಲ್ಯಾಬ್ ಟೆಕ್ನಿಶಿಯನ್, ಮದುವೆಯಾಗಿ ಕೇಶ್ವಾಪುರದ ಕಡೆ ಇರುವವರು. ಸಾಲದ ಕಾಗದದಲ್ಲಿ ಎಲ್ಲೂ ಅವರ ಸಹಿ ಇಲ್ಲ. ಸಂಬಳ ಇದೆ, ಪ್ಯಾನ್ ಇದೆ, ಸ್ವಂತದ್ದು ಅಂತ 3,20,000 ಉಳಿಸಿದ್ದರು. ಸಾಲಗಾರರ ಮಗಳು ಕೂಗಬಹುದೇ ಅಂತ ಬ್ಯಾಂಕಿಗೆ ಬರಹದಲ್ಲೇ ಕೇಳಿದೆವು. ಬಾಯಿಮಾತಿನ ಹೌದು ನಾಳೆ ಅಲ್ಲ ಆಗಬಹುದು. ಅಡ್ಡಿಯಿಲ್ಲ ಅಂತ ಬರಹದಲ್ಲೇ ಉತ್ತರ ಬಂತು. ಮನೆ ಪೂರ್ತಿ ಮಗಳದ್ದು. ದುಡ್ಡು ಕೊಡುವವರು ಯಾರೂ ಪಾಲುದಾರರಲ್ಲ, ಮಗಳಿಗೆ ಕೈಗಡ ಕೊಟ್ಟವರು ಅಷ್ಟೇ. ಪ್ರತಿಯೊಬ್ಬರದ್ದೂ ಖಾತೆಯಿಂದ ಖಾತೆಗೆ, ಪ್ರತಿಯೊಬ್ಬರಿಗೂ ಛಾಪಾ ಕಾಗದದ ಮೇಲೆ ಒಂದು ಪುಟ. 20,000 ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ತಗೊಂಡರೆ ಆದಾಯ ತೆರಿಗೆಯವರು ಅಷ್ಟೇ ಮೊತ್ತದ ದಂಡ ಹಾಕಬಹುದು. ಒಬ್ಬರು ಐನೂರರ ನೋಟಿನ ಕಟ್ಟು ಹಿಡಿದು ಬಂದಿದ್ದರು. ಬ್ಯಾಂಕಿಗೆ ಹೋಗಿ ನಿಮ್ಮ ಖಾತೆಗೇ ತುಂಬಿ ಬನ್ನಿ ಅಂತ ವಾಪಸ್ ಕಳಿಸಿದೆ. ಬಡ್ಡಿ ಬೇಡ ಅಂತ ಎಲ್ಲರೂ ಒಪ್ಪಿದರು. ಒಬ್ಬರು ಮಾತ್ರ ಸ್ವಲ್ಪ ತಡವಾಗಿ ಒಪ್ಪಿದರು.

ಕೂಗುವ ಮುಂಚೆ

ಹರಾಜಿನ ನೋಟಿಸಿನಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಆಸ್ತಿ ಹೇಗಿದೆಯೋ ಹಾಗೆ, ಎಲ್ಲಿದೆಯೋ ಅಲ್ಲಿ. ಅಂದರೆ ಹಿಡಿದ ಮೇಲೆ ಬರುವ ತಲೆನೋವೂ ನಿಮ್ಮದೇ. ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆಸಿದೆವು, ಸಿಟಿ ಸರ್ವೆ ಕಚೇರಿಯಿಂದ ಉತಾರ ತಂದೆವು. ನಗರಸಭೆಯಲ್ಲಿ ಮನೆ ಕರ 23,400 ಬಾಕಿ. ಹೆಸ್ಕಾಂನ ಹಳೆಯ ಬಾಕಿ 41,000. ಇವೆರಡೂ ಹಿಡಿದವರ ತಲೆಗೇ ಅಂತ ಬರೆದಿಟ್ಟುಕೊಂಡೆವು.

ಚಕ್ಕುಬಂದಿ ಓದುವಾಗ ಮಾಸ್ತರರು ಒಂದು ತಪ್ಪು ಹಿಡಿದರು. ನೋಟಿಸಿನಲ್ಲಿ ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಪಕ್ಕದ ಮನೆ ಅಂತ ಇತ್ತು. ನಿಜ ನೋಡಿದರೆ ಉಲ್ಟಾ. ಸೂರ್ಯ ಮುಳುಗುವಾಗ ಆ ಮನೆಯ ಬಾಗಿಲಿಗೆ ಬಿಸಿಲು ಬೀಳುತ್ತದೆ ಅನ್ನುವುದು ಓಣಿಯ ಮಕ್ಕಳಿಗೂ ಗೊತ್ತು. ಬ್ಯಾಂಕಿಗೆ ಬರೆದು ತಿದ್ದುಪಡಿ ತಗೊಂಡೆವು. ಇದನ್ನು ಬಿಟ್ಟಿದ್ದರೆ ಮಾರಾಟ ಪ್ರಮಾಣಪತ್ರದಲ್ಲೂ ಅದೇ ತಪ್ಪು ಹೋಗಿ, ಖಾತೆ ಬದಲಾಯಿಸುವಾಗ ಮತ್ತೆ ಅಲೆದಾಟ.

ಹರಾಜಿನ ದಿನ ಮುಳಗುಂದ ನಾಕಾದ ಹತ್ತಿರದ ನನ್ನ ಅಂಗಡಿಯಲ್ಲಿ ಏಳು ಮಂದಿ ಕೂತಿದ್ದೆವು. ಲ್ಯಾಪ್‌ಟಾಪಿನ ಮುಂದೆ ಮಗಳು. ಮುಂಗಡ ಠೇವಣಿ ಕನಿಷ್ಠ ಬೆಲೆಯ ನೂರಕ್ಕೆ 10, ಅಂದರೆ 1,89,000, ಮೊದಲೇ ತುಂಬಿದ್ದೆವು. 11 ಗಂಟೆಗೆ ಶುರು. ಒಂದೊಂದು ಕೂಗಿಗೆ 10,000 ಏರಿಕೆ. ಮೊದಲ ಇಪ್ಪತ್ತು ನಿಮಿಷ ನಾವೊಬ್ಬರೇ. ಆಮೇಲೆ ಪರದೆಯ ಮೇಲೆ ಇನ್ನೊಂದು ನಂಬರು ಎದ್ದಿತು. ಹೆಸರು ಕಾಣುವುದಿಲ್ಲ, ನಂಬರು ಅಷ್ಟೇ. ಹಿಂದಿನ ದಿನ ಟೇಪು ಹಿಡಿದು ಓಣಿ ಅಳೆದು ಹೋದವರೇ ಇರಬೇಕು ಅಂತ ನಮ್ಮ ಗುಮಾನಿ. 19 ದಾಟಿತು. 19.50 ದಾಟಿತು. ಒಂದು ಕೂಗಿಗೆ ಮಗಳ ಕೈ ಕೀಲಿಮಣೆಯ ಮೇಲೆ ನಿಂತುಬಿಟ್ಟಿತು. "ಎಲ್ಲಾರ ರೊಕ್ಕ ಬ್ಯಾಂಕಿನ ಹೊಟ್ಟಿಗೆ ಹಾಕ್ಲಿಕತ್ತೀನಿ" ಅಂದರು.

ಆಗ ನನಗೆ ಒಂದು ಹೊಳೆಯಿತು. ನಿಜವಾಗಿ ಮೊದಲೇ ಹೇಳಬೇಕಿತ್ತು. ಬ್ಯಾಂಕಿಗೆ ಬರಬೇಕಾದ ಬಾಕಿ, ಖರ್ಚು ಎಲ್ಲ ಸೇರಿ 17,88,000. ಅದಕ್ಕಿಂತ ಜಾಸ್ತಿ ಬಂದದ್ದನ್ನು ಬ್ಯಾಂಕು ಇಟ್ಟುಕೊಳ್ಳುವಂತಿಲ್ಲ, ಸಾಲಗಾರರಿಗೇ ಕೊಡಬೇಕು. ಅಂದರೆ 17,88,000ದ ಮೇಲೆ ನಾವು ಕೂಗುವ ಒಂದೊಂದು ಸಾವಿರವೂ ಸುತ್ತಿ ಬಳಸಿ ಅವರ ಅಪ್ಪನ ಖಾತೆಗೇ ಬರುತ್ತದೆ. ಕಳೆಯುವುದು ಅದರ ಮೇಲಿನ ನೋಂದಣಿ ಖರ್ಚು ಅಷ್ಟೇ. "ಕೂಗವ್ವಾ, ನಿಮ್ಮಪ್ಪಗ ಕೂಗು" ಅಂದರು ಮಾಸ್ತರರು. 20,10,000ಕ್ಕೆ ಆ ಕಡೆಯವರು ಬಿಟ್ಟರು. ನಾವು ಹಾಕಿಕೊಂಡಿದ್ದ ಮಿತಿ 20,50,000.

ಹದಿನೈದು ದಿನ

ಗೆದ್ದ ಮೇಲೆ ಕುಣಿಯಲಿಕ್ಕೆ ಸಮಯ ಇರಲಿಲ್ಲ. ಬೆಲೆಯ ಕಾಲುಭಾಗ, 5,02,500, ಅದೇ ದಿನ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ತುಂಬಬೇಕು. ಠೇವಣಿ ಕಳೆದು 3,13,500 ತುಂಬಿದೆವು. ಮಾರಾಟ ಖಚಿತ ಆದ ದಿನದಿಂದ 15 ದಿನದಲ್ಲಿ ಉಳಿದ 15,07,500. ತುಂಬದಿದ್ದರೆ ಆ ಐದು ಲಕ್ಷವೂ ಮುಳುಗಿತು. ಬ್ಯಾಂಕು ಒಪ್ಪಿದರೆ ಬರಹದ ಮೇಲೆ ಗಡುವನ್ನು ಮೂರು ತಿಂಗಳವರೆಗೆ ವಿಸ್ತರಿಸಬಹುದು, ಆದರೆ ಅದು ಅವರ ಮರ್ಜಿ. ಹದಿನೈದು ದಿನದಲ್ಲಿ ಗೃಹಸಾಲ ಕೈಗೆ ಬರುವುದೂ ಕಷ್ಟ.

ಲೆಕ್ಕ ಹೀಗಿತ್ತು. ಮನೆ 20,10,000, ಮುದ್ರಾಂಕ ಮತ್ತು ನೋಂದಣಿ 1,32,660. ಒಟ್ಟು 21,42,660. ಇಬ್ಬರು ನಿವೃತ್ತ ಮಾಸ್ತರರು ಎರಡೆರಡು ಲಕ್ಷ. ಓಣಿಯ ಎಂಟು ಮಂದಿ 40 ಸಾವಿರದಿಂದ ಒಂದು ಲಕ್ಷದವರೆಗೆ, ಒಟ್ಟು 5,40,000. ಮಗಳ 3,20,000. ಮಗಳು ತಮ್ಮ ಒಡವೆ ಅಡವಿಟ್ಟು ತಂದ 2,00,000. ಚಪ್ಪಲಿ ಮೆಟ್ಟಿ ಹೋಗಿದ್ದ ಕಾಕಾ ಮಾತಾಡದೆಯೇ 5,00,000 ಕಳಿಸಿದ್ದರು. ಇಷ್ಟಾದರೂ 19,60,000. ಸುಮಾರು ಒಂದು ಲಕ್ಷ ಎಂಬತ್ಮೂರು ಸಾವಿರ ಕಮ್ಮಿ.

ಹದಿಮೂರನೇ ದಿನ ಕಾಕಾ ನನ್ನ ಅಂಗಡಿಗೆ ಬಂದರು. ಚಹಾ ಬೇಡ ಅಂದರು. "ಎಷ್ಟು ಕಮ್ಮಿ ಬಿದ್ದದ?" ಹೇಳಿದೆ. ಫೋನು ತೆಗೆದು ಮೊಮ್ಮಗನಿಗೆ ಕೊಟ್ಟು 1,85,000 ಹಾಕಿಸಿದರು. "ಇದಕ್ಕೂ ಕಾಗದ ಬರೀತೀಯೇನು?" ಅಂದರು. ಬರೆದೆ. ಸಹಿ ಮಾಡುವಾಗ ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ಎಲ್ಲ ತುಂಬಿದ ಮೇಲೆ ಉಳಿದದ್ದು 2,340 ರೂಪಾಯಿ.

ಮನೆ ಬಿಟ್ಟುಕೊಟ್ಟ ದಿನವನ್ನು ನಾನು ಮರೆಯುವುದಿಲ್ಲ. ಬ್ಯಾಂಕಿನ ಅಧಿಕಾರಿ ಬಂದು, ಖಾಲಿ ಮನೆಯ ಸ್ವಾಧೀನ ಕೊಟ್ಟೆವು ಅಂತ ಕಾಗದದಲ್ಲಿ ಇರಬೇಕು, ಫೋಟೊದಲ್ಲೂ ಯಾರೂ ಕಾಣಬಾರದು ಅಂದರು. ಹಾಗಾಗಿ ಮನೆಯವರೆಲ್ಲ ಅರ್ಧ ತಾಸು ಓಣಿಗೆ ಇಳಿದರು. ಯಜಮಾನರಿಗೆ ಎದುರು ಮನೆಯವರು ಕುರ್ಚಿ ಹಾಕಿದರು. ಅವ್ವ ಜಗಲಿಯ ದೇವರನ್ನು ಬುಟ್ಟಿಯಲ್ಲಿಟ್ಟು ಸೆರಗು ಮುಚ್ಚಿ ತಂದರು. ಯಾರೂ ತರಲಿಕ್ಕೆ ಹೇಳಿರಲಿಲ್ಲ. ಅಧಿಕಾರಿ ಹಳೇ ಬೀಗ ಹಾಕಿದರು, ತೆಗೆದರು, ಕೀಲಿಯನ್ನು ಮಗಳ ಕೈಗೆ ಕೊಟ್ಟರು, ಫೋಟೊ ಹೊಡೆದರು. ಆ ಕೀಲಿ ಮೂವತ್ತು ವರ್ಷದಿಂದ ಅವ್ವನ ಸೊಂಟದಲ್ಲಿದ್ದದ್ದು. ಮಗಳು ವಾಪಸ್ ಕೊಡಲಿಕ್ಕೆ ಹೋದರು. ಅವ್ವ ತಗೊಳ್ಳಲಿಲ್ಲ. "ನಿಂದು ಈಗ" ಅಂದರು.

ಎಷ್ಟಕ್ಕೆ ಬಿತ್ತು

ಬ್ಯಾಂಕಿನಿಂದ ಹೆಚ್ಚುವರಿ 2,22,000 ಬರಲಿಕ್ಕೆ ಜುಲೈ ಆಯಿತು. ನಾಲ್ಕು ಸಲ ಬರೆದೆ. ಆ ದುಡ್ಡಿನಲ್ಲಿ ಮನೆ ಕರ, ಹೆಸ್ಕಾಂ ಬಾಕಿ ತೀರಿಸಿ, ಉಳಿದದ್ದರಲ್ಲಿ ಇಬ್ಬರಿಗೆ ಅವರವರ 75,000 ಕೊಟ್ಟರು. ಒಬ್ಬರ ಮನೆಯಲ್ಲಿ ಮದುವೆ ಇತ್ತು, ಇನ್ನೊಬ್ಬರಿಗೆ ಮೊಣಕಾಲಿನ ಆಪರೇಷನ್.

ಹೆಚ್ಚುವರಿ ಕಳೆದರೆ ಮನೆ ಉಳಿಸಲಿಕ್ಕೆ ನಿವ್ವಳ ಹೋದದ್ದು 19,20,660. ಟ್ರಂಕಿನ ಆ ಲಕೋಟೆಯನ್ನು 2024ರ ಏಪ್ರಿಲ್‌ನಲ್ಲೇ ಒಡೆದಿದ್ದರೆ 14,50,000. ವ್ಯತ್ಯಾಸ 4,70,660. ಇದೇ ಹನ್ನೊಂದು ಮಂದಿ ಆಗಲೂ ಓಣಿಯಲ್ಲೇ ಇದ್ದರು. ಅದಕ್ಕೇ ಈಗ ನಮ್ಮ ಭಿಶಿಯಲ್ಲಿ ಹೊಸದೊಂದು ರೂಢಿ ಬಂದಿದೆ. ಚೀಟಿ ಎತ್ತುವ ಮುಂಚೆ "ಯಾರಿಗರ ಬ್ಯಾಂಕಿಂದ ರಿಜಿಸ್ಟರ್ ಬಂದದೇನ್ರಿ?" ಅಂತ ಮಾಸ್ತರರು ಕೇಳುತ್ತಾರೆ. ಮೊದಲೆರಡು ತಿಂಗಳು ಎಲ್ಲರೂ ನಕ್ಕರು. ಮೂರನೇ ತಿಂಗಳು ಒಬ್ಬರು ಮಡಚಿದ ಲಕೋಟೆ ತಂದರು. 60 ದಿನದ ನೋಟಿಸು, ಇನ್ನೂ 41 ದಿನ ಬಾಕಿ ಇತ್ತು. ಆ ಮನೆಯದು ಹರಾಜಿನವರೆಗೆ ಹೋಗಲಿಲ್ಲ. ಬಾಕಿ ಕಂತು ತುಂಬಿ ಖಾತೆ ಸರಿ ಮಾಡಿಕೊಂಡರು.

ಮಗಳು, ಅವ್ವ, ಮಗ ಮೂವರೂ ಸೇರಿ ಆಗಸ್ಟ್‌ನಿಂದ ತಿಂಗಳಿಗೆ 22,000 ತೀರಿಸುತ್ತಿದ್ದಾರೆ. ಖಾತೆ ಮಗಳ ಹೆಸರಿಗೆ ಬಂದ ಮೇಲೆ ಗೃಹಸಾಲ ತಗೊಂಡು ಎಲ್ಲರದ್ದೂ ಒಮ್ಮೆಗೇ ಮುಟ್ಟಿಸಿ ಅಂತ ನಾನೇ ಹೇಳಿದೆ. ಲೆಕ್ಕದ ಪ್ರಕಾರ ಸರಿಯಾದ ಮಾತು. ಅವ್ವ ಕೈ ಮುಗಿದರು. "ಮತ್ತ ಬ್ಯಾಂಕಿಗೆ ಮನಿ ಇಡಬ್ಯಾಡ್ರಪ್ಪ." ಹಾಗಾಗಿ ಈ ಸಾಲವೂ ಭಿಶಿ ಥರವೇ ತೀರುತ್ತಿದೆ. ಸಣ್ಣ ಮೊತ್ತ ಕೊಟ್ಟ ಆರು ಮಂದಿಯ ಹೆಸರು ಲೋಟದಲ್ಲಿ, ಬಂದವರಿಗೆ ಆ ತಿಂಗಳ 22,000. ಅವರದ್ದು ಮುಗಿದ ಮೇಲೆ ಮಾಸ್ತರರದ್ದು. ಕೊನೆಗೆ ಕಾಕಾದು. ಕೊನೆಗೆ ಇರಲಿ ಅಂತ ಅವರೇ ಬರೆಸಿದರು.

ಇಷ್ಟೆಲ್ಲ ಕಾಗದ ಗಟ್ಟಿ ಮಾಡಿದ ನಾನು ಒಂದು ಕಡೆ ಎಡವಿದೆ. ಮಗನ ಜೊತೆ ಕೂತು ಮಾತಾಡಲಿಲ್ಲ. ಅವನು ನೋಟಿಸು ಹರಿದು ಒಗೆದವನು ಅನ್ನುವ ಸಿಟ್ಟು ನನ್ನ ಒಳಗಿತ್ತು. ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ಕಾನೂನಿನಲ್ಲಿ ಅವನಿಗೆ ಆ ಮನೆಯಲ್ಲಿ ಈಗ ಏನೂ ಇಲ್ಲ. ಹರಾಜಿನಲ್ಲಿ ಅಪ್ಪನ ಹಕ್ಕು ಹೋಯಿತು, ಅದರ ಜೊತೆ ಅವನದ್ದೂ. ಆದರೆ ಅಲ್ಲಿ ಇರುವವನು ಅವನು, ಮಗ್ಗ ನಡೆಸುವವನು ಅವನು, ತಿಂಗಳಿಗೆ ಎಂಟು ಸಾವಿರ ಹಾಕುವವನೂ ಅವನು. ಆ ಎಂಟು ಸಾವಿರ ಬಾಡಿಗೆಯೋ, ಸಾಲದ ಕಂತೋ, ಪಾಲಿನ ದುಡ್ಡೋ ಅಂತ ಯಾವ ಕಾಗದದಲ್ಲೂ ನಾನು ಬರೆಸಲಿಲ್ಲ. ಅಕ್ಕ ತಮ್ಮ ಇಬ್ಬರೂ ಒಳ್ಳೆಯವರು, ಸರಿ ಹೋಗುತ್ತದೆ ಅಂದುಕೊಂಡೆ. ಕಾಕಾಗೆ ಬೇಡ ಅಂದದ್ದನ್ನೇ ಇಲ್ಲಿ ಮಾಡಿದ ಹಾಗಾಯಿತು.

ಮೊನ್ನೆ ಅವನು ಹೆಸ್ಕಾಂ ಅರ್ಜಿ ಹಿಡಿದು ಅಂಗಡಿಗೆ ಬಂದಿದ್ದ. ಮೀಟರು ಇನ್ನೂ ಅಪ್ಪನ ಹೆಸರಲ್ಲಿದೆ, ಬದಲಾಯಿಸಬೇಕು. ಫಾರ್ಮಿನಲ್ಲಿ ಎಲ್ಲ ತುಂಬಿದ್ದ, ಹೆಸರಿನ ಜಾಗ ಮಾತ್ರ ಖಾಲಿ.

"ಯಾರದು ಬರೀಲಿ ಸರ್?" ಅಂದ.

ಅಕ್ಕನಿಗೆ ಫೋನ್ ಮಾಡು ಅಂದೆ. ಮಾಡಿದ. ರಿಂಗ್ ಆಗುತ್ತಿತ್ತು, ಅವನು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಾ ನಿಂತ.